ಮಾಮಾಗೆ ಮೀಸೆ ಬಂದದ್ದು

ಹರಿಹರ

ಗಂಡಸರ ಅಪ್ಪಣೆಯಿಲ್ಲದೆ ಹೆಂಗಸರು ಹೊಸ್ತಿಲು ದಾಟಬಾರದು ಎನ್ನುವ ಒಂದು ಅರಬರ ದೇಶದ ಬಗ್ಗೆ ಯಾರೋ ಸಿನಿಮಾ ತೆಗೆದಿದ್ದರು. ಅದನ್ನು ನೋಡಲು ನಾನು ಬೇರೊಂದು ಅರಬ್ ದೇಶದ ರಾಜಧಾನಿ ಟ್ಯೂನಿಸ್‌ಗೆ ಹೊರಟಿದ್ದೇನೆ ಎಂದಾಗ ದಾವಣಗೆರೆಯ ಸರಸ್ವತಿ ನಗರದಲ್ಲಿ ಎದುರು ಸಿಕ್ಕವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ.

"ಯಜಮಾನ್ರು ಒಪ್ಪಿದ್ರೇನ್ರಿ?"

ಹಾಲು ಹಾಕುವವಳು ಕೇಳಿದಳು. ಬ್ಲೌಸ್ ಹೊಲಿಯುವವಳು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಕೇಳಿದಳು. ಬ್ಯಾಂಕಿನಲ್ಲಿ ನನ್ನದೇ ಹಳೆಯ ವಿದ್ಯಾರ್ಥಿನಿ, ಈಗ ದೊಡ್ಡ ಕುರ್ಚಿಯಲ್ಲಿ ಕೂರುವವಳು, ಕಂಪ್ಯೂಟರಿನಿಂದ ತಲೆ ಎತ್ತಿ "ಸರ್ ಒಪ್ಪಿದಾರಾ ಮೇಡಂ?" ಎಂದಳು. ಸರ್ ಮಾತ್ರ ಈ ಪ್ರಶ್ನೆಯ ಗೋಜಿಗೇ ಹೋಗಿರಲಿಲ್ಲ. ಅವರು ಕೇಳಿದ್ದು, "ಗಿರಿಜಾ, ಫ್ರಿಜ್ಜಿನಾಗೆ ಎಷ್ಟು ದಿನದ ಸಾರು ಮಾಡಿಟ್ಟು ಹೋಗ್ತೀ?" ಎಂದು.

ನನ್ನನ್ನು ಎಳೆದುಕೊಂಡು ಹೋದವಳು ಹರಿಹರದ ಖೈರುನ್ನಿಸಾ. ನಾನು ಹರಿಹರದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಾಗ ಅವಳ ಮಗ ಇಮ್ರಾನ್ ನನ್ನ ಕ್ಲಾಸಿನ ಕೊನೇ ಬೆಂಚಿನ ಪಾಳೆಯಗಾರ. ಗಂಡ ತೀರಿಕೊಂಡ ಮೇಲೆ ಖೈರು ಆ ದೇಶದ ಒಂದು ದೊಡ್ಡ ಮನೆಗೆ ಅಡುಗೆ ಕೆಲಸಕ್ಕೆ ಹೋದಳು. ವರ್ಷಗಟ್ಟಲೆ ಇದ್ದು, ಒಂದು ದಿನ ಇದ್ದಕ್ಕಿದ್ದಂತೆ ವಾಪಸ್ ಬಂದಳು. ಯಾಕೆ ಎಂದು ಕೇಳಿದರೆ "ಉಪ್ಪು ಜಾಸ್ತಿ ಆತ್ರಿ ಟೀಚರ್, ಕಳಿಸಿಬಿಟ್ರು" ಎನ್ನುತ್ತಿದ್ದಳು. ಅವಳ ಕೈಯ ಬಿರಿಯಾನಿಗೆ ಹರಿಹರ, ದಾವಣಗೆರೆ ಎರಡೂ ಕಡೆಯಿಂದ ಆರ್ಡರ್ ಬರುತ್ತದೆ. ಉಪ್ಪಿನ ಮಾತನ್ನು ನಾನು ಒಂದು ದಿನವೂ ನಂಬಲಿಲ್ಲ. ಆ ದೇಶದ ಹೆಸರನ್ನು ಅವಳು ಈಗಲೂ ಹೇಳುವುದಿಲ್ಲ. "ಅಲ್ಲಿ" ಅನ್ನುತ್ತಾಳೆ. ನಾನೂ ಹಾಗೇ ಬರೆಯುತ್ತೇನೆ.

ನಿಜವಾದ ಕಾರಣವನ್ನು ಅವಳು ಹೇಳಿದ್ದು ಅಕ್ಕಿ ಆರಿಸುತ್ತ, ಸಿನಿಮಾದವರ ಆಹ್ವಾನ ಬಂದ ಮೇಲೆ.

"ಆ ಮನ್ಯಾಗೆ ಬಾಬಾ, ಮಾಮಾ, ಒಬ್ಬಾಕೇ ಮಗಳು ನೂರಾ, ಇಷ್ಟೇ ಜನ ಇದ್ದದ್ರಿ."

"ಮಾಮ ಅಂದ್ರೆ? ಹುಡುಗಿಯ ಸೋದರಮಾವನೂ ಅಲ್ಲೇ ಇದ್ನಾ?"

"ಅಯ್ಯ, ಅಲ್ರಿ ಟೀಚರ್. ಅಲ್ಲಿ ಕೆಲಸದೋರು ಮನಿ ಯಜಮಾನಂಗೆ ಬಾಬಾ ಅಂತಾರೆ, ಯಜಮಾನಿಗೆ ಮಾಮಾ. ಮಾಮಾ ಅಂದ್ರೆ ಅಮ್ಮಾರು."

"ನಮ್ಮ ಕಡೆ ಮಾಮ ಅಂದಮೇಲೆ ಮೀಸೆ ಇರಬೇಕಲ್ಲೇ."

"ಮೀಸೆ ಒಂದೇ ಇರಲಿಲ್ಲ ಬಿಡ್ರಿ, ಉಳಿದಿದ್ದೆಲ್ಲ ಇತ್ತು."

ಮಾಯಕೊಂಡದ ನಮ್ಮಜ್ಜಿಯ ಬಗ್ಗೆಯೂ ಜನ ಇದನ್ನೇ ಹೇಳುತ್ತಿದ್ದರು. ಸೊಸೆಯರ ಮೇಲೆ, ಆಳುಗಳ ಮೇಲೆ, ಎಮ್ಮೆಗಳ ಮೇಲೆ ಅಜ್ಜಿಯದು ಒಂದೇ ದರ್ಬಾರು. ಆದರೆ ದಾವಣಗೆರೆಗೆ ಬರಬೇಕಾದರೆ ಅಜ್ಜ ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುವ ಹೊತ್ತು ಕಾದು, ಕಂಬದ ಮರೆಯಲ್ಲಿ ನಿಂತು ಕೇಳುತ್ತಿದ್ದಳು. ಮಾಮಾ ಎಂಥವರು ಎಂಬುದು ನನಗೆ ಅಲ್ಲೇ ಅರ್ಥವಾಯಿತು.

ನೂರಾಗೆ ಹೊರದೇಶದಲ್ಲಿ ಓದುವ ಆಸೆ. ಅಪ್ಪ ಒಪ್ಪಲಿಲ್ಲ. ಎದುರು ಮಾತಾಡಿದ್ದಕ್ಕೆ ಮಹಡಿಯ ಕೋಣೆಗೆ ಹಾಕಿಸಿ ಬೀಗ ಜಡಿಸಿದ. ಬೀಗ ಹಾಕುವ ಕೆಲಸ ಮಾಮಾದು. ದಿನಾ ಊಟ ಒಳಗೆ ಕಳಿಸಿ, ತಟ್ಟೆ ಹೊರಗೆ ತರಿಸಿ, ಮಾಮಾನೇ ಕೀಲಿ ತಿರುಗಿಸುತ್ತಿದ್ದರು. ತಿಂಗಳುಗಳು ಕಳೆದವು. ಅಲ್ಲಿ ಮಗಳು ದೇಶ ಬಿಡಬೇಕಾದರೆ ಅಪ್ಪ ತನ್ನ ಫೋನಿನಲ್ಲಿ ಬೆರಳೊತ್ತಿ ಒಪ್ಪಿಗೆ ಕೊಡಬೇಕಂತೆ. ಒಂದು ಮಧ್ಯಾಹ್ನ ಬಾಬಾ ಗೊರಕೆ ಹೊಡೆಯುತ್ತಿದ್ದಾಗ ಮಾಮಾ ಅವನ ಹೆಬ್ಬೆರಳನ್ನೇ ಎತ್ತಿ ಫೋನಿಗೆ ಒತ್ತಿದರು. ಮಗಳಿಗೂ ತಿಳಿಯದ ಹಾಗೆ ಮಹಡಿ ಬಾಗಿಲಿನ ಬೀಗ ತೆಗೆದರು. ಪಾಸ್‌ಪೋರ್ಟನ್ನು ಚಪ್ಪಲಿ ಗೂಡಿನ ಮೇಲಿಟ್ಟರು. ಹೋಗಿ ಗಂಡನ ಪಕ್ಕದಲ್ಲಿ ಮಲಗಿ ಕಣ್ಣು ಮುಚ್ಚಿಕೊಂಡರು. ಚಹಾ ತಂದ ಖೈರು ಮೊದಲು ಮಲಗುವ ಕೋಣೆಯ ಬಾಗಿಲ ಸಂದಿಯಿಂದ, ಆಮೇಲೆ ಮೆಟ್ಟಿಲ ಮರೆಯಿಂದ ಇದೆಲ್ಲ ನೋಡಿಬಿಟ್ಟಿದ್ದಳು.

ಸಂಜೆ, ನೂರಾ ದೇಶ ಬಿಟ್ಟದ್ದು ಗೊತ್ತಾಗಿ, ಮನೆ ರಣರಂಗ. ಮಾಮಾ ಎಲ್ಲರೆದುರು ಖೈರುಗೇ ಬೈದು, ಬಾಗಿಲು ತೆಗೆದವಳು ಇವಳೇ, ಇವಳನ್ನು ಮೊದಲು ಊರಿಗೆ ಅಟ್ಟಿ ಎಂದು ಕೂಗಾಡಿ, ಗಂಡ ಪೊಲೀಸರ ಯೋಚನೆ ಮಾಡುವುದರೊಳಗೆ ವಿಮಾನ ಹತ್ತಿಸಿದರು. ಕಾರಿನ ಕಿಟಕಿಯಲ್ಲಿ ಬಗ್ಗಿ ಕಿವಿಯಲ್ಲಿ ಹೇಳಿದ್ದು, "ಬಾಬಾ ಇರೋತನಕ ಬಾಯಿ ಬಿಡಬ್ಯಾಡ."

ಬಾಬಾ ಈಗಿಲ್ಲ. ಮಾಮಾ ಪ್ರತಿ ಶುಕ್ರವಾರ ಖೈರುವಿನ ಫೋನಿಗೆ ಗುಲಾಬಿ ಹೂವಿನ ಚಿತ್ರ ಕಳಿಸುತ್ತಾರೆ. ಮಗಳ ನಂಬರು ಮಾತ್ರ ಅವರ ಹತ್ತಿರ ಇಲ್ಲ. ಬೀಗ ಹಾಕಿದವಳು ಅಮ್ಮ, ತೆಗೆದವಳು ಖೈರು ಎಂದುಕೊಂಡು ನೂರಾ ತಾಯಿಯ ಹತ್ತಿರ ಮಾತು ಬಿಟ್ಟು ಎಷ್ಟೋ ಕಾಲವಾಗಿದೆ.

"ಆ ಹುಡುಗೀಗೆ ಗೊತ್ತಾಗ್ಬೇಕ್ರಿ ಟೀಚರ್. ಅದಕ್ಕೇ ಸಿನಿಮಾದೋರು ಫೋನ್ ಮಾಡ್ದಾಗ ಎಲ್ಲಾ ಕನ್ನಡದಾಗೇ ಹೇಳಿ ರೆಕಾರ್ಡ್ ಮಾಡ್ಸಿಬಿಟ್ಟೆ. ಆಕಿನೂ ಬರ್ತಾಳಂತೆ. ಆಕಿ ಸಿನಿಮಾ ನೋಡುವಾಗ ನಾನು ಆಕಿ ಮುಖ ನೋಡ್ಬೇಕು. ಅಷ್ಟಕ್ಕೇ ಹೋಗಾದು."

ಇಮ್ರಾನ್ ಗೊಣಗಿದ. "ಅಮ್ಮೀ ಒಬ್ರೇ ಹೆಂಗೆ ಹೋಗ್ತಾರೆ ಟೀಚರ್?" ನಾನಿದ್ದೇನಲ್ಲ ಎಂದೆ, ಒಪ್ಪಿದ. ನಮ್ಮ ಯಜಮಾನರಿಗೆ ಖೈರು ಇದ್ದಾಳಲ್ಲ ಎಂದೆ, ಅವರೂ ಒಪ್ಪಿದರು. ಹೀಗೆ ನಾವಿಬ್ಬರೂ ಒಬ್ಬರಿಗೊಬ್ಬರು ಗಂಡಸಾಗಿ ವಿಮಾನ ಹತ್ತಿದೆವು.

ಮುನ್ಸೀಫರ ಹೋಟೆಲು

ಟ್ಯೂನಿಸ್‌ನಲ್ಲಿ ನಾವಿಳಿದುಕೊಂಡ ಹೋಟೆಲಿನ ಮಾಲೀಕನ ಹೆಸರು ಮೊನ್ಸೆಫ್. ಹರಿಹರದ ಕೋರ್ಟಿನ ಮುನ್ಸೀಫರನ್ನು ನೆನೆದು ನಾವು ಅವನಿಗೆ ಮುನ್ಸೀಫರು ಎಂದೇ ಕರೆದೆವು. ಈ ಮುನ್ಸೀಫರು ಕಿವಿಯ ಮೇಲೆ ಮಲ್ಲಿಗೆ ಮೊಗ್ಗಿನ ಪುಟ್ಟ ಗೊಂಚಲು ಸಿಕ್ಕಿಸಿಕೊಂಡಿದ್ದರು. ಆ ಊರಿನಲ್ಲಿ ಗಂಡಸರು ಹೂ ಮುಡಿಯುತ್ತಾರೆ! ಟ್ಯಾಕ್ಸಿಯವನು, ಪೊಲೀಸು, ಕಾಫಿ ಅಂಗಡಿಯ ಮುಂದೆ ಕೂತು ಪ್ರಪಂಚ ಆಳುವ ಮುದುಕರು, ಎಲ್ಲರ ಕಿವಿಯಲ್ಲೂ ಮಲ್ಲಿಗೆ. ನಮ್ಮ ಯಜಮಾನರು ಮಾರ್ಕೆಟ್ಟಿನಿಂದ ನನಗೆ ಒಂದು ಮೊಳ ಮಲ್ಲಿಗೆ ತರುವಾಗ ಅದನ್ನು ಟೊಮೇಟೊ ಚೀಲದ ತಳಕ್ಕೆ ಹಾಕಿ, ಕದ್ದ ಮಾಲಿನ ಹಾಗೆ ತರುತ್ತಾರೆ. ಹೂವಿನ ಜೊತೆ ಟೊಮೇಟೊನೂ ಮುಡಿದಂತಾಗುತ್ತದೆ.

ಮರುದಿನ ಬೆಳಿಗ್ಗೆ ಖೈರು ಸ್ನಾನಕ್ಕೆ ಹೋದಳು. ಬಾತ್‌ರೂಮಿನ ಬಾಗಿಲು ಕಚ್ಚಿಕೊಂಡುಬಿಟ್ಟಿತು. ಒಳಗಿಂದ ಬಡಿತ. ನಾನು ಓಡಿಹೋಗಿ ಮುನ್ಸೀಫರನ್ನು ಕರೆತಂದೆ. ಅವರು ಹಿಡಿಕೆಗೆ ಕೈ ಹಾಕಿದರು. ಒಳಗಿಂದ ಖೈರು ಕೂಗಿದಳು, "ಬತ್ತಲ್! ಬತ್ತಲ್!"

ಮುನ್ಸೀಫರು ಬೆಂಕಿ ಮುಟ್ಟಿದವರಂತೆ ಕೈ ತೆಗೆದರು. ನಾನಂತೂ ಇಬ್ಬರ ನಡುವೆ ಸೆರಗು ಹರಡಿ ನಿಂತುಬಿಟ್ಟೆ. ಪಾಪ, ಹೆಣ್ಣುಮಗಳು ಬತ್ತಲೆ ಇದ್ದೇನೆ ಅಂತ ಕನ್ನಡದಲ್ಲೇ ಹೇಳುತ್ತಿದ್ದಾಳೆ, ಈತ ಬಾಗಿಲು ತೆಗೆದರೆ ಗತಿಯೇನು? ಅವಳು ಮತ್ತೆ ಕೂಗಿದಳು, "ಬತ್ತಲ್ ಬಾಬ್!" ಮುನ್ಸೀಫರು ಎರಡು ಹೆಜ್ಜೆ ಹಿಂದೆ ಸರಿದರು.

"ಖೈರೂ, ಟವಲ್ ಸುತ್ಕೊಳ್ಳೇ, ಆಮೇಲೆ ತೆಗೆಸ್ತೀನಿ!"

"ಸೀರೆ ಉಟ್ಕೊಂಡು ನಿಂತೀನ್ರಿ ಟೀಚರ್! ಬಾಗ್ಲು ತೆಗೀರಿ ಅಂತ ಅರಬ್ಬೀನಾಗೆ ಒದರ್ತಾ ಇದೀನಿ, ಇಂವ ಯಾಕ ತೆಗೀವಲ್ಲ?"

ಖೈರುವಿನ ಆ "ಅಲ್ಲಿ" ಬತ್ತಲ್ ಅಂದರೆ ತೆರೆ, ಬಾಬ್ ಅಂದರೆ ಬಾಗಿಲು. ಟ್ಯೂನಿಸ್‌ನಲ್ಲಿ ಬತ್ತಲ್ ಅಂದರೆ ನಿಲ್ಲಿಸು, ಬಿಡು. ಹರಿಹರದಲ್ಲಿ ಏನೆಂದು ನಿಮಗೆ ಗೊತ್ತೇ ಇದೆ. ಒಂದೇ ಮಾತಿಗೆ ಮೂರು ಊರು ಸೇರಿ ಒಬ್ಬಳನ್ನು ಬಾತ್‌ರೂಮಿನಲ್ಲಿ ಕೂಡಿಹಾಕಿದ್ದವು. ಕೊನೆಗೆ ಮುನ್ಸೀಫರು ಭುಜ ಕೊಟ್ಟು ನೂಕಿದಾಗ ಬಾಗಿಲೂ ಬಂತು, ಕಿವಿಯ ಮಲ್ಲಿಗೆಯೂ ಬಿತ್ತು.

"ಹಂಗಾರೆ ಮುಚ್ಚೋದಕ್ಕೆ ಏನಂತಾರೆ?" ಎಂದು ತಿಂಡಿ ತಿನ್ನುವಾಗ ಕೇಳಿದೆ.

"ಸಕ್ಕರ್. ಮಾಮಾ ದಿನಾ ಒದರ್ತಿದ್ದಿದ್ದು ಅದೇರಿ. ಸಕ್ಕರ್ ಬಾಬ್, ಸಕ್ಕರ್ ಬಾಬ್, ಎಸಿ ಗಾಳಿ ಹೊರಗೆ ಹೋಗ್ತೈತೆ ಅಂತ. ಮನಿಗೆ ಬೆಂಕಿ ಬಿದ್ರೂ ಮೊದ್ಲು ಬಾಗ್ಲು ಹಾಕು ಅನ್ನೋ ಪೈಕಿ."

ತೆರೆದರೆ ಬತ್ತಲೆ, ಮುಚ್ಚಿದರೆ ಸಕ್ಕರೆ. ಅರಬ್ಬೀ ಭಾಷೆಯಲ್ಲಿ ನನ್ನ ವಿದ್ಯಾಭ್ಯಾಸ ಅಲ್ಲಿಗೆ ಮುಗಿಯಿತು.

ಸಿನಿಮಾ ಬೀದಿ

ಟ್ಯೂನಿಸ್‌ನ ದೊಡ್ಡ ಬೀದಿಯ ಮರಗಳಲ್ಲಿ ಸಂಜೆಯಾದರೆ ಸಾವಿರ ಹಕ್ಕಿಗಳ ಗಲಾಟೆ. ಕೆಳಗೆ ನಡೆಯುವವರು ತಲೆ ಕಾಯ್ದುಕೊಳ್ಳಬೇಕು. ಖೈರುವಿಗೆ ಬುರ್ಖಾ ಇತ್ತು, ನನಗೆ ಸೆರಗೇ ಗತಿ. ಜನ ಅರಬ್ಬೀಗೆ ಫ್ರೆಂಚ್ ಬೆರೆಸಿ ಮಾತಾಡುತ್ತಾರೆ, ನಮ್ಮ ಆಫೀಸುಗಳಲ್ಲಿ ಕನ್ನಡಕ್ಕೆ ಇಂಗ್ಲಿಷ್ ಬೆರೆಸುವ ಹಾಗೆ. ಊಟಕ್ಕೆ ಕುಳಿತರೆ ಮೊದಲು ಒಂದು ಕೆಂಪು ಖಾರದ ಚಟ್ನಿ ತಂದಿಡುತ್ತಾರೆ. ನಮ್ಮ ಮೆಣಸಿನಕಾಯಿ ಚಟ್ನಿಗೆ ಅದು ಖಾಸಾ ತಮ್ಮ. ಬೀದಿಯಲ್ಲಿ ಉದ್ದಿನ ವಡೆಯ ಹಾಗೆ ನಡುವೆ ತೂತಿದ್ದ, ತಟ್ಟೆಯಗಲದ ಒಂದು ಪದಾರ್ಥವನ್ನು ಎಣ್ಣೆಯಿಂದ ಎತ್ತಿಕೊಟ್ಟರು. ಸಾಂಬಾರ್ ಎಲ್ಲಿ ಎಂದು ನಾನು ಹುಡುಕುವಷ್ಟರಲ್ಲಿ ಅದರ ಮೇಲೆ ಸಕ್ಕರೆ ಸುರಿದುಬಿಟ್ಟರು.

ಸಿನಿಮಾ ಮಂದಿರದ ಮುಂದೆ ಗದ್ದಲ. ಒಂದು ಗುಂಪು, ಈ ಸಿನಿಮಾ ಬರೀ ಸುಳ್ಳು, ಧರ್ಮಕ್ಕೆ ಅವಮಾನ ಎನ್ನುತ್ತಿತ್ತು. ಇನ್ನೊಂದು ಗುಂಪು ಜೀನ್ಸ್ ತೊಟ್ಟ ಹುಡುಗಿಯರದು. ಅರಬ್ ಹೆಂಗಸರು ಅಂದರೆ ಅಳುವವರೇನು, ನಮ್ಮನ್ನು ಯಾಕೆ ಯಾವಾಗಲೂ ಅಳಿಸುತ್ತೀರಿ ಎಂಬುದು ಅವರ ಜಗಳ. ಎರಡೂ ಗುಂಪಿನವರು ಇನ್ನೂ ಸಿನಿಮಾ ನೋಡಿರಲಿಲ್ಲ. ಈ ವಿಷಯದಲ್ಲಿ ಟ್ಯೂನಿಸ್‌ಗೂ ದಾವಣಗೆರೆಗೂ ಕೂದಲೆಳೆಯ ವ್ಯತ್ಯಾಸವೂ ಇಲ್ಲ. ಮೊದಲ ಗುಂಪಿನ ಒಬ್ಬ ಹಿರಿಯರು ಬೂಟಿನ ದಾರ ಬಿಗಿದುಕೊಳ್ಳಲು ತಮ್ಮ ಫಲಕವನ್ನು ಒಂದು ಕ್ಷಣ ನನ್ನ ಕೈಗೆ ಕೊಟ್ಟರು. ದೊಡ್ಡವರು, ಇಲ್ಲ ಎನ್ನುವುದು ಹೇಗೆ, ಹಿಡಿದೆ. ಖೈರು ಖುಷಿಯಿಂದ ಫೋಟೋ ಹೊಡೆದು ಇಮ್ರಾನ್‌ಗೆ ಕಳಿಸಿದಳು. ಇಮ್ರಾನ್ ಊರಿಗೆಲ್ಲ ಕಳಿಸಿದ. ಅರ್ಧ ಗಂಟೆಯೊಳಗೆ ಸರಸ್ವತಿ ನಗರದಿಂದ ಯಜಮಾನರ ಫೋನು.

"ಏನೇ, ಸಿನಿಮಾ ನೋಡಾಕೆ ಹೋದ್ಯೋ, ಬಂದ್ ಮಾಡ್ಸಾಕೆ ಹೋದ್ಯೋ?"

ಅಷ್ಟರಲ್ಲಿ ಗಿಡ್ಡ ಕೂದಲಿನ ಒಬ್ಬಳು ಗುಂಪು ಸೀಳಿಕೊಂಡು ಬಂದು ಖೈರುವನ್ನು ತಬ್ಬಿಕೊಂಡಳು. ನೂರಾ. ಇಬ್ಬರೂ ಅಳುತ್ತ ನಗುತ್ತ ಏನೇನೋ ಹೇಳಿಕೊಂಡರು. ಅದರಲ್ಲಿ ನನಗೆ ತಿಳಿದದ್ದು ಎರಡೇ ಶಬ್ದ, ಬತ್ತಲ್ ಮತ್ತು ಬಾಬ್.

"ಏನಂದ್ಲು?"

ಖೈರು ಮುಖ ಒರೆಸಿಕೊಂಡಳು. "ನೀನು ಬಾಗ್ಲು ತೆಗೆದಿದ್ದಕ್ಕೆ ನಾನು ಬದುಕಿದೆ ಅಂತಾಳ್ರಿ. ಇರ್ಲಿ, ಸಿನಿಮಾನೇ ಹೇಳ್ತೈತೆ ಬಿಡ್ರಿ."

ಕತ್ತಲೆಯಲ್ಲಿ

ಸಿನಿಮಾದಲ್ಲಿ ಅರ್ಧ ನಿಜವಾದ ಹೆಂಗಸರು, ಮುಖ ನೆರಳಿನಲ್ಲಿಟ್ಟುಕೊಂಡು ತಮ್ಮ ಕಥೆ ಹೇಳುವವರು. ಇನ್ನರ್ಧ ಆ ಕಥೆಗಳನ್ನು ಆಡಿ ತೋರಿಸುವ ನಟನಟಿಯರು. ಒಬ್ಬಾಕೆ, ಆಸ್ಪತ್ರೆಗೆ ಸೇರಲು ತಾನೇ ಹೆತ್ತ, ಇನ್ನೂ ಮೀಸೆ ಚಿಗುರದ ಮಗನ ಸಹಿ ಬೇಕಾಯಿತು ಎಂದಳು. ಹೇಳುವಾಗ ಸಣ್ಣಗೆ ನಕ್ಕಳು. ನನಗೆ ಯಾಕೋ ಬ್ಲೌಸ್ ಹೊಲಿಯುವವಳ ಬಾಯಿಯ ಗುಂಡುಸೂಜಿಗಳು ನೆನಪಾದವು.

ಆಮೇಲೆ ಖೈರುವಿನ ಸರದಿ. ಆ ದೊಡ್ಡ ಮಂದಿರದಲ್ಲಿ ಹರಿಹರದ ಕನ್ನಡ ಮೊಳಗಿತು: "ಮಾಮಾ ದಿನಾ ಬೀಗ ಹಾಕ್ತಿದ್ರು."

ಕೆಳಗೆ ಇಂಗ್ಲಿಷ್ ಅಕ್ಷರ ಮೂಡಿತು. ಮಾವ ದಿನಾ ಬೀಗ ಹಾಕುತ್ತಿದ್ದ ಎಂದು.

ಪರದೆಯ ಮೇಲೆ ಮೆಟ್ಟಿಲು ಹತ್ತಿ ಒಬ್ಬ ಬಂದ. ಎರಡೂ ಕೆನ್ನೆ ತುಂಬ ಮೀಸೆ. ಕೈಯಲ್ಲಿ ಕೀಲಿ.

"ಯಾರ್ರಿ ಟೀಚರ್ ಇಂವ?"

"ಇವನೇ ಕಣೇ ನಿಮ್ಮ ಮಾಮಾ."

ಕರ್ನಾಟಕದವಳು ಎಂದು ಸಿನಿಮಾದವರು ಬೆಂಗಳೂರಿನ ಯಾರೋ ಅನುವಾದಕನನ್ನು ಹಿಡಿದಿದ್ದರು. ಅವನದೂ ತಪ್ಪೆನ್ನಲಾರೆ. ಖೈರು "ಹಾಕ್ತಿದ್ಲು" ಎಂದಿದ್ದರೆ ತಪ್ಪು ಅಲ್ಲಿಗೇ ಸಿಕ್ಕಿಬೀಳುತ್ತಿತ್ತು. ಆದರೆ ತನಗೆ ಅನ್ನ ಕೊಟ್ಟ ಯಜಮಾನಿಯನ್ನು ಖೈರು ಏಕವಚನದಲ್ಲಿ ಕರೆಯುವವಳಲ್ಲ. ಹಾಕಿದ್ರು, ತೆಗೆದ್ರು, ಬೈದ್ರು ಎಂದು ಮರ್ಯಾದೆಯಿಂದ ಹೇಳಿದಳು. ನಮ್ಮ ಮರ್ಯಾದೆಯೊಳಗೆ ಗಂಡು ಯಾರು ಹೆಣ್ಣು ಯಾರು ಕಾಣುವುದಿಲ್ಲ. ಮರ್ಯಾದೆ ಕೊಟ್ಟ ತಪ್ಪಿಗೆ ಮಾಮಾಗೆ ಮೀಸೆ ಬಂದುಬಿಟ್ಟಿತ್ತು.

ಅಷ್ಟಕ್ಕೇ ನಿಂತಿದ್ದರೆ ಸಹಿಸಬಹುದಿತ್ತು. ಖೈರು "ಮಾಮಾನೇ ಬಾಗ್ಲು ತೆಗೆದ್ರು" ಎಂದೂ ಹೇಳಿದ್ದಳಲ್ಲ. ಹಾಗಾಗಿ ಕೊನೆಯಲ್ಲಿ ಮೀಸೆ ಮಾವನಿಗೆ ಪಶ್ಚಾತ್ತಾಪವಾಯಿತು. ಪಿಟೀಲು ಮೊಳಗಿತು. ಅವನು ಕೀಲಿ ತಿರುಗಿಸಿ ಹುಡುಗಿಯನ್ನು ಬಿಡಿಸಿದ, ಒಂದು ಹನಿ ಕಣ್ಣೀರು ಮೀಸೆಯ ಮೇಲೆ ನಿಂತು ಹೊಳೆಯಿತು. ಸಭೆಯಲ್ಲಿ ಮೂಗು ಎಳೆದುಕೊಳ್ಳುವ ಸದ್ದು. ಹೆಂಗಸರ ಕಷ್ಟದ ಬಗ್ಗೆ ಇಷ್ಟು ಕಷ್ಟಪಟ್ಟು ಸಿನಿಮಾ ತೆಗೆದು, ಕೊನೆಗೆ ಪುಣ್ಯವನ್ನೆಲ್ಲ ಇಲ್ಲದ ಒಬ್ಬ ಗಂಡಸಿನ ಮೀಸೆಗೆ ಕಟ್ಟಿದ್ದರು. ತಾಯಿಯ ಪಾತ್ರದಾಕೆ ಮೂಲೆಯಲ್ಲಿ ಕೂತು ಅತ್ತದ್ದು ಬಿಟ್ಟರೆ ಬೇರೇನೂ ಮಾಡಲಿಲ್ಲ.

ನೂರಾ ಖೈರುವಿನ ಕಡೆ ಬಾಗಿ ಏನೋ ಪಿಸುಗುಟ್ಟಿ ನಕ್ಕಳು. ಖೈರು ನಗಲಿಲ್ಲ. "ನೀನು ಮಾಡಿದ್ದನ್ನ ಯಾರೋ ಗಂಡಸು ಮಾಡ್ದಂಗೆ ತೋರಿಸಿದಾರೆ ನೋಡು ಅಂತಾಳ್ರಿ. ಈಗೇನ್ ಮಾಡಾದು?"

ವೇದಿಕೆ

ದೀಪ ಹತ್ತುತ್ತಲೇ ನಿರ್ದೇಶಕಿ ಸಾಮಿಯಾ ಬಂದು ನಮ್ಮಿಬ್ಬರನ್ನೂ ಪರದೆಯ ಪಕ್ಕಕ್ಕೆ ಕರೆದೊಯ್ದಳು. ಸಪೂರ ಹೆಂಗಸು, ದಿನಗಟ್ಟಲೆ ನಿದ್ದೆ ಕಂಡಿರದ ಕಣ್ಣು. ನಾನು ಮೀಸೆಯ ವಿಷಯ ಬಿಡಿಸಿ ಹೇಳಿದೆ. ಅವಳು ಗೋಡೆಗೆ ಒರಗಿ ನಿಂತುಬಿಟ್ಟಳು. ಆಮೇಲೆ ನನ್ನ ಕೈ ಹಿಡಿದುಕೊಂಡಳು. ಹೊರಗೆ ಅಷ್ಟು ಜನ ಇದು ಸುಳ್ಳು ಎಂದು ಕೂಗುತ್ತಿದ್ದಾರೆ, ಒಂದು ತಪ್ಪು ಸಿಕ್ಕರೆ ಉಳಿದ ಹೆಂಗಸರ ಮಾತೂ ಸುಳ್ಳೆಂದು ಬಿಡುತ್ತಾರೆ. ಇವತ್ತೊಂದು ದಿನ ಎಲ್ಲ ನಿಜ ಎಂದಷ್ಟೇ ಹೇಳಿಸಿ, ಆಮೇಲೆ ನಾನೇ ತಿದ್ದುತ್ತೇನೆ ಎಂದಳು. ಅವಳ ಮಾತಿನಲ್ಲಿ ಮೋಸವಿರಲಿಲ್ಲ, ಭಯವಿತ್ತು. ನಾನು ಅದನ್ನು ಖೈರುಗೆ ಹೇಳಿದೆ.

"ಆಮೇಲೆ ಅಂದ್ರೆ ಯಾವಾಗ್ರಿ? ನೂರಾ ನಾಳೆ ವಿಮಾನ ಹತ್ತಿ ಹೋಗ್ತಾಳೆ. ಇಲ್ಲಿ ಈ ಸಾಮಿಯಾ ಮೇಡಂ ಭಯನೂ ಸುಳ್ಳಲ್ಲ." ಬುರ್ಖಾದ ತುದಿಯಿಂದ ಮೂಗು ಒರೆಸಿಕೊಂಡಳು. "ನಡೀರಿ. ನಾನು ಹೇಳಿದ್ದನ್ನ ಹೇಳಿದಂಗೇ ಹೇಳ್ರಿ."

ಮೈಕಿನ ಮುಂದೆ ನಿಂತು ಖೈರು ಗಂಟಲು ಸರಿ ಮಾಡಿಕೊಂಡಳು. "ಎಲ್ಲಾರ್ಗೂ ಸಲಾಂ. ಸಿನಿಮಾ ನಿಜ ಐತ್ರಿ. ಮೀಸೆ ಒಂದು ಸುಳ್ಳು."

ನಾನು ಇಂಗ್ಲಿಷಿನಲ್ಲಿ ಹೇಳಿದೆ. ಸಾಮಿಯಾ ಕಣ್ಣು ಮುಚ್ಚಿ ಒಮ್ಮೆ ಉಸಿರೆಳೆದುಕೊಂಡು, ಅದನ್ನು ತಾನೇ ಅರಬ್ಬೀಯಲ್ಲಿ ಹೇಳಿದಳು. ಆ ಕ್ಷಣಕ್ಕೆ ಅವಳ ಮೇಲೆ ನನಗೆ ಗೌರವ ಬಂತು. ಸಭೆಯಲ್ಲಿ ಗುಜುಗುಜು.

"ಬೀಗ ಹಾಕ್ದೋರು ಮಾಮಾ, ತೆಗೆದೋರೂ ಮಾಮಾ. ಮಾಮಾ ಅಂದ್ರೆ ಹುಡುಗಿ ತಾಯಿ."

ಅವಳು ಹಾಕಿದಳು, ಅವಳೇ ತೆಗೆದಳು ಎಂದೆ. ಇಡೀ ಸರ್ವಿಸಿನಲ್ಲಿ ಹರಿಹರದ ಮಕ್ಕಳಿಗೆ ಹೀ, ಷೀ ತಿದ್ದಿ ತಿದ್ದಿ ಬೇಸತ್ತವಳು ನಾನು. ಷೀ ಎಂಬ ಒಂದಕ್ಷರ ಇಷ್ಟು ಭಾರವಿರುತ್ತದೆ ಎಂದು ಅವತ್ತು ಗೊತ್ತಾಯಿತು.

ನೂರಾ ಮೂರನೇ ಸಾಲಿನಲ್ಲಿ ತಲೆ ಅಲ್ಲಾಡಿಸುತ್ತಿದ್ದಳು. ಖೈರು ಯಜಮಾನಿಯನ್ನು ಬಿಟ್ಟುಕೊಡುತ್ತಿಲ್ಲ, ಅಷ್ಟೇ, ಎನ್ನುವ ಮುಖ. ಅದನ್ನು ಕಂಡ ಖೈರು ಕನ್ನಡ ಬಿಟ್ಟಳು. ಅಡುಗೆಮನೆಯಲ್ಲಿ ಕಲಿತ ತನ್ನ ಮುರುಕು ಅರಬ್ಬೀಯಲ್ಲಿ ನೇರ ಅವಳಿಗೇ ಕೂಗಿದಳು.

"ನೂರಾ! ಮಾಮಾ ಬತ್ತಲ್ ಬಾಬ್. ಖೈರು ಮಾಫಿ. ಮಾಮಾ!" ಮಾಫಿ ಅಂದರೆ ಕ್ಷಮೆಯಲ್ಲ, ಅಲ್ಲಿನ ಅಡುಗೆಮನೆ ಅರಬ್ಬೀಯಲ್ಲಿ 'ಅಲ್ಲ' ಎಂದು.

ಟ್ಯೂನಿಸ್‌ನ ಜನ ಮುಖ ಮುಖ ನೋಡಿಕೊಂಡರು. ತಾಯಿ ಬಾಗಿಲನ್ನು ನಿಲ್ಲಿಸಿದಳೇ? ಬಿಟ್ಟಳೇ? ಖೈರು ತಡಮಾಡಲಿಲ್ಲ. "ಟೀಚರ್, ನೀವು ಬಾಬಾ. ಮಲಕ್ಕಳ್ರಿ, ಗೊರಕೆ ಹೊಡೀರಿ!"

"ಇಲ್ಲೇನೇ?"

"ಹೊಡೀರಿ ಅಂದ್ರೆ!"

ಹೊಡೆದೆ. ಕುರ್ಚಿಯಲ್ಲಿ ಒರಗಿ, ಬಾಯಿ ತೆರೆದು, ನಮ್ಮ ಯಜಮಾನರನ್ನು ನೆನೆದು, ಮೈಕಿಗೆ ಸರಿಯಾಗಿ ಗೊರಕೆ ಹೊಡೆದೆ. ಸಭೆ ಘೊಳ್ಳೆಂದಿತು. ಖೈರು ತುದಿಗಾಲಲ್ಲಿ ಬಂದು, ನನ್ನ ಹೆಬ್ಬೆರಳನ್ನು ಮೆಲ್ಲಗೆ ಎತ್ತಿ, ತನ್ನ ಫೋನಿಗೆ ಒತ್ತಿದಳು. ಆಮೇಲೆ ನನ್ನ ಪಕ್ಕದಲ್ಲಿ ಕೂತು, ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿ, ಮಲಗಿದಂತೆ ನಟಿಸಿದಳು. ರೆಪ್ಪೆ ನಡುಗುತ್ತಿತ್ತು.

ಕೆಲಸದವರು ಬಾಬಾನ ಮಲಗುವ ಕೋಣೆಯೊಳಗೆ ಕಾಲಿಡುವಂತಿರಲಿಲ್ಲ. ಅದು ಆ ಮನೆಯಲ್ಲಿ ಹುಟ್ಟಿದವಳಿಗೆ ಗೊತ್ತು. ಆ ಹೆಬ್ಬೆರಳನ್ನು ಎತ್ತಿರಬಹುದಾದವರು ಒಬ್ಬರೇ. ಸಭೆ ಇನ್ನೂ ನಗುತ್ತಿತ್ತು. ಮೂರನೇ ಸಾಲಿನಲ್ಲಿ ಒಬ್ಬಳು ಎದ್ದು ನಿಂತಿದ್ದಳು, ಬಾಯಿಯ ಮೇಲೆ ಎರಡೂ ಕೈ.

ಮತ್ತೆ ಬೀದಿ

ಹೊರಗೆ ಹಕ್ಕಿಗಳ ಗಲಾಟೆ ಶುರುವಾಗಿತ್ತು. ಫಲಕದ ಹಿರಿಯರು ಒಳಗೆ ಏನಾಯಿತು ಎಂದು ಯಾರನ್ನೋ ಕೇಳಿ, ಗೊರಕೆಯ ಕಥೆಗೆ ನಗು ತಡೆಯಲಾಗದೆ ಫಲಕದ ಹಿಂದೆ ಮುಖ ಮರೆಸಿಕೊಂಡಿದ್ದರು. ನೂರಾ ಬಂದು ಖೈರುವಿನ ಎದುರು ಕೈ ಚಾಚಿದಳು. ಖೈರು ಏನೂ ಕೇಳದೆ ನಂಬರು ಒತ್ತಿ ಫೋನು ಕೊಟ್ಟಳು.

ರಿಂಗಾಯಿತು. ಆ ಕಡೆಯಿಂದ ಖೈರೂ ಎಂದು ಕರೆದದ್ದು ನನಗೂ ಕೇಳಿತು. ನೂರಾ ಒಂದೇ ಒಂದು ಮಾತು ಹೇಳಿದಳು, ಯಮ್ಮಾ ಎಂದು. ಅದಕ್ಕೆ ಅನುವಾದ ಬೇಕಿರಲಿಲ್ಲ.

ಫೋನು ಕಟ್ಟಾಯಿತೇ ಎಂದು ನೂರಾ ಕಿವಿಯಿಂದ ತೆಗೆದು ನೋಡಿದಳು, ಮತ್ತೆ ಇಟ್ಟುಕೊಂಡಳು. ಖೈರು ನನ್ನ ಮುಂಗೈ ಹಿಡಿದಿದ್ದಳು, ಉಗುರು ಊರುವ ಹಾಗೆ.

ಆಮೇಲೆ ಫೋನಿನೊಳಗಿಂದ ಒಂದು ಹೆಂಗಸಿನ ದನಿ ಹೊರಟಿತು ನೋಡಿ! ಮರದ ಹಕ್ಕಿಗಳನ್ನೂ ಮೀರಿಸುವ ಒದರಾಟ. ನಮ್ಮಜ್ಜಿ ಮಾಯಕೊಂಡದಿಂದ ಎದ್ದು ಬಂದಳೇ ಎನ್ನಿಸಿತು. ಅದರ ನಡುವೆ ನನಗೆ ತಿಳಿದ ಶಬ್ದವೂ ಎರಡು ಸಲ ಬಂತು, ಸಕ್ಕರ್, ಸಕ್ಕರ್ ಎಂದು. ನೂರಾ ಫುಟ್‌ಪಾತಿನ ಮೇಲೆ ಕೂತು, ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಅಳುತ್ತ ತಲೆಯಾಡಿಸುತ್ತಿದ್ದಳು. ಖೈರು ನನ್ನ ಮುಂಗೈ ಬಿಟ್ಟಳು.

"ಬೈತಾ ಇದಾರ್ರಿ. ಬರ್ರಿ, ಆ ಸಕ್ಕರೆ ವಡೆ ತಿನ್ನಣ."

"ಅಷ್ಟು ವರ್ಷದ ಮೇಲೆ ಸಿಕ್ಕ ಮಗಳಿಗೆ ಏನಂತ ಬೈತಾರೆ?"

"ಅವತ್ತು ಹೋಗೋವಾಗ ಬೀದಿ ಬಾಗ್ಲು ಹಾಕದಂಗೆ ಹೋದ್ಯಲ್ಲೇ, ಎಸಿ ಗಾಳಿ ಎಲ್ಲಾ ಹೊರಗೆ ಹೋತು ಅಂತ."